ನೆನೆಸಿದರೂ ಹೋಗದ ಹುಟ್ಟುಗುಣ

ಗೆಳೆಯರ ಜೊತೆ ಗೋವಾಕ್ಕೆ ಹೋಗಬಹುದು, ತಿರುಪತಿಗೆ ಹೋಗಬಹುದು, ಪಾಲಿನಲ್ಲಿ ಸೈಟು ಕೊಂಡು ಕೋರ್ಟಿಗೂ ಹೋಗಬಹುದು. ಸಮುದ್ರದ ತಳಕ್ಕೆ ಹೋಗುವ ಮುಂಚೆ ಮಾತ್ರ ಸ್ವಲ್ಪ ಯೋಚಿಸಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾದಲ್ಲಿ ಒಬ್ಬರೇ ಇಳಿಯುವಂತಿಲ್ಲ, ಜೋಡಿಯಾಗಿಯೇ ಇಳಿಯಬೇಕು. ನಿಮ್ಮ ಸಿಲಿಂಡರಿನ ಗಾಳಿ ಮುಗಿದರೆ ಜೋಡಿದಾರ ತನ್ನದರಲ್ಲಿ ಪಾಲು ಕೊಡುತ್ತಾನಂತೆ. ಹೋಟೆಲ್ ಬಿಲ್ ಬರುವಾಗಲೇ ಕೈ ತೊಳೆಯಲು ಎದ್ದುಹೋಗುವ ಮನುಷ್ಯನ ಮೇಲೆ ಇಷ್ಟೊಂದು ಭರವಸೆ!

ಹೆಸರು ಹಾಕಿದರೆ ಜಗಳ ಬರುತ್ತದೆ, ಅಡ್ಡಹೆಸರಲ್ಲೇ ಹೇಳುತ್ತೇನೆ. ನಾನು, ಜಿಮ್ಮಣ್ಣ, ಮೀಸೆ ಗೌಡ್ರು, ಆಡಿಟರ್ ಮೇಡಂ. ಬೆಂಗಳೂರಿನ ಈಜುಕೊಳದಲ್ಲಿ ಪಾಠ ಮುಗಿಸಿ ಸಮುದ್ರದ ಪರೀಕ್ಷೆಗೆ ಮುರ್ಡೇಶ್ವರಕ್ಕೆ ಬಂದಿದ್ದೆವು. ಅಲ್ಲಿಂದ ನೇತ್ರಾಣಿ ದ್ವೀಪ ಸುಮಾರು 19 ಕಿ.ಮೀ., ದೋಣಿಯಲ್ಲಿ ಒಂದೂವರೆ ಗಂಟೆ. 123 ಅಡಿಯ ಶಿವ ಬೆನ್ನ ಹಿಂದೆ ಚಿಕ್ಕವನಾಗುತ್ತ ಹೋದಂತೆ ಬೆಳಿಗ್ಗೆ ತಿಂದ ಬನ್ಸ್ ಹೊಟ್ಟೆಯಲ್ಲಿ ದೊಡ್ಡದಾಗುತ್ತ ಬಂತು. "ಲೈಟಾಗಿ ತಿನ್ನಿ" ಎಂದಿದ್ದರು ಮಾಸ್ತರು. ಜಿಮ್ಮಣ್ಣ ಲೈಟಾಗಿ ನಾಲ್ಕು ತಿಂದಿದ್ದ. ಮೀನುಗಳಿಗೆ ಮೊದಲ ನೈವೇದ್ಯ ಅವನದೇ ಆಯಿತು.

ಸೊಂಟಕ್ಕೆ ಸೀಸದ ಗುಂಡು ಕಟ್ಟುವುದು ಇನ್ನೊಂದು ಅವಮಾನ. ಕೊಬ್ಬು ತೇಲುತ್ತದೆ, ಹಾಗಾಗಿ ಹೊಟ್ಟೆ ಇದ್ದವರಿಗೆ ಹೆಚ್ಚು ಗುಂಡು. "ಈ ಸಾರ್‌ಗೆ ಇನ್ನೆರಡು ಹಾಕೋ" ಎಂದು ಮಾಸ್ತರು ದೋಣಿಯವನಿಗೆ ನನ್ನ ಕಡೆ ಬೆರಳು ತೋರಿಸಿ ಕೂಗಿದ್ದು ಮುರ್ಡೇಶ್ವರಕ್ಕೂ ಕೇಳಿಸಿರಬೇಕು.

ಗೌಡ್ರ ಸಮಸ್ಯೆ ಮೀಸೆಯದು. ದಪ್ಪ ಮೀಸೆ ಇದ್ದರೆ ಮಾಸ್ಕು ಮುಖಕ್ಕೆ ಅಂಟಿ ಕೂರುವುದಿಲ್ಲ, ಸಂದಿಯಲ್ಲಿ ನೀರು ನುಗ್ಗುತ್ತದೆ.

"ಸಾರ್, ಮೂಗಿನ ಕೆಳಗೆ ಒಂದು ಗೆರೆ ಬೋಳಿಸಿದ್ರೆ ಸಾಕು."

"ಬೇಕಾದ್ರೆ ತಲೆ ಬೋಳಿಸ್ರಿ."

ಮಾಸ್ಕಿಗೆ ನೀರು ಬಂದರೆ ಮೇಲಂಚು ಒತ್ತಿ ಹಿಡಿದು, ಮುಖ ಮೇಲೆತ್ತಿ, ಮೂಗಿನಿಂದ ಜೋರಾಗಿ ಊದಬೇಕು. ಗೌಡ್ರು ಉದ್ದಕ್ಕೂ ಅದನ್ನೇ ಮಾಡಿದರು. ಗಿಳಿಮೀನು ಬಂತು, ಗೌಡ್ರು ಊದುತ್ತಿದ್ದರು. ಬಂಡೆಯ ಸಂದಿಯಿಂದ ಲಯನ್‌ಫಿಶ್ ರೆಕ್ಕೆ ಬಿಚ್ಚಿಕೊಂಡು ಹೊರಬಂತು, ಆಗಲೂ ಊದುತ್ತಿದ್ದರು. ವಿಡಿಯೋದಲ್ಲಿ ಅವರ ಗಲ್ಲ ಬಿಟ್ಟರೆ ಬೇರೇನೂ ಸಿಕ್ಕಿಲ್ಲ. ಸಂಜೆ ಮಾತ್ರ ಲಯನ್‌ಫಿಶ್ ಬಗ್ಗೆ ಅತಿ ಹೆಚ್ಚು ಮಾತಾಡಿದವರು ಅವರೇ. ನೀರಿನಡಿ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದಂತೆ. ಗೌಡ್ರ ಬಾಯಲ್ಲಿ ಅದು ದಡಕ್ಕೆ ಬಂದ ಮೇಲೂ ಬೆಳೆಯುತ್ತಲೇ ಇತ್ತು.

ಮೇಡಂ ನೀರನ್ನೂ ಎತ್ತಿ ಕುಡಿಯುವವರು. ಮಂಜು ಕಟ್ಟದಿರಲಿ ಎಂದು ಬಾಡಿಗೆ ಮಾಸ್ಕಿನೊಳಗೆ ಉಗುಳಿ ಸವರಬೇಕು ಎಂದಾಗಲೇ ಅವರ ಮುಖ ಕಪ್ಪಿಟ್ಟಿತ್ತು. ಪುಣ್ಯಕ್ಕೆ, ಜೋಡಿದಾರನಿಗೆ ಗಾಳಿ ಕೊಡಲು ಆಕ್ಟೋಪಸ್ ಎಂಬ ಬೇರೆಯದೇ ಕೊಳವೆ ಇರುತ್ತದೆ. ಎಂಜಲಿನ ಭಯವಿಲ್ಲ. ಕಂಡುಹಿಡಿದವರು ಮಡಿವಂತರಿರಬೇಕು ಎಂದು ನನ್ನ ಅನುಮಾನ.

ಅವರ ಜೋಡಿ ಜಿಮ್ಮಣ್ಣ. ಹತ್ತು ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು, ಪ್ರತಿ ಉಸಿರಿಗೂ ದುಪ್ಪಟ್ಟು ಗಾಳಿ ಖರ್ಚು. ಅಲ್ಲಾಡದೆ ನಿಧಾನವಾಗಿ ಉಸಿರಾಡುವವನೇ ಜಾಣ. ಜಿಮ್ಮಣ್ಣ ಟ್ರೆಡ್‌ಮಿಲ್ ಮೇಲೆ ಓಡುವ ಹಾಗೆ ಕಾಲು ಬಡಿದ. ಸಿಲಿಂಡರಿನಲ್ಲಿ ಉಳಿದ ಗಾಳಿಯನ್ನು 'ಬಾರ್' ಲೆಕ್ಕದಲ್ಲಿ ತೋರಿಸುವ ಮೀಟರು ಇರುತ್ತದೆ; ಮೇಡಂ ಐದೈದು ನಿಮಿಷಕ್ಕೆ ಅವನದನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು. ವಾಟ್ಸಾಪಿನಲ್ಲಿ ಎಲ್ಲಕ್ಕೂ ಹೆಬ್ಬೆರಳು ಒತ್ತುವ ಚಾಳಿಯವನು ಖುಷಿಯಲ್ಲಿ ಅಲ್ಲೂ ಹೆಬ್ಬೆರಳು ಎತ್ತಿದ. ನೀರಿನಡಿ ಅದರ ಅರ್ಥ "ಮೇಲೆ ಹೋಗೋಣ". ಮಾಸ್ತರು ರಟ್ಟೆ ಹಿಡಿದು ಹೊರಟೇಬಿಟ್ಟರು. ಅರ್ಧ ದಾರಿಯಲ್ಲಿ ಬೆರಳು ಸುತ್ತಿ ಓಕೆ ತೋರಿಸಿ ಬಚಾವಾದ.

ಕೊನೆಗೆ "ಗಾಳಿ ಖಾಲಿ" ಎಂಬ ನಾಟಕದ ಪರೀಕ್ಷೆ. ಜಿಮ್ಮಣ್ಣ ಕತ್ತಿನ ಮುಂದೆ ಕೈ ಅಡ್ಡ ಆಡಿಸಿದ, ಮೇಡಂ ಆಕ್ಟೋಪಸ್ ಕೊಟ್ಟರು. ಮಾಸ್ತರು ಸಾಕೆಂದು ಸನ್ನೆ ಮಾಡಿದರೂ ಪುಣ್ಯಾತ್ಮ ಅದನ್ನು ಬಿಡಲೊಲ್ಲ! ತನ್ನ ಸಿಲಿಂಡರಲ್ಲಿದ್ದದ್ದನ್ನು ಉಳಿತಾಯ ಮಾಡಿಕೊಂಡು ಮೇಡಂ ಗಾಳಿಯಲ್ಲೇ ಸುಖವಾಗಿ ಉಸಿರಾಡುತ್ತಿದ್ದ.

ಪಾಸಾದೆವು. ಪ್ರತಿ ಡೈವ್ ಆದಮೇಲೆ ಲಾಗ್‌ಬುಕ್ಕಿಗೆ ಜೋಡಿದಾರರ ಸಹಿ ಬೇಕು. ದೋಣಿಯಲ್ಲಿ ಜಿಮ್ಮಣ್ಣ ಹಲ್ಲು ಕಿರಿಯುತ್ತ ಪುಸ್ತಕ ಚಾಚಿದ. ಮೇಡಂ ಚೆನ್ನಾಗಿ ಸಹಿ ಹಾಕಿ, ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದರು: "ಬರಬೇಕಾದ ಬಾಕಿ — ಗಾಳಿ, 30 ಬಾರ್."