ಐವತ್ತೆರಡರ ವ್ರತ

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ತಪ್ಪದೆ ಎರಡು ಪ್ರಕಟಣೆಗಳು ಹೊರಬೀಳುತ್ತವೆ. 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಿಗೆ ವಾಹನಗಳ ಪ್ರವೇಶವಿಲ್ಲ ಎಂಬುದು ಪೊಲೀಸರದು. ಬರುವ ವರ್ಷ 52 ಪುಸ್ತಕ ಓದಿ ಮುಗಿಸುತ್ತೇನೆ ಎಂಬುದು ನಾಗರಿಕರದು. ಮೊದಲನೆಯದನ್ನು ಜಾರಿಗೆ ತರಲು ಬ್ಯಾರಿಕೇಡುಗಳಿವೆ, ಲಾಠಿಯಿದೆ. ಎರಡನೆಯದಕ್ಕೆ ಇನ್ನೂ ಅಂಥ ವ್ಯವಸ್ಥೆಯಾಗಿಲ್ಲ.

52 ಏಕೆ ಎಂದರೆ, ವರ್ಷಕ್ಕೆ ಅಷ್ಟೇ ವಾರಗಳಿರುವುದರಿಂದ ಎಂಬ ಉತ್ತರ ಬರುತ್ತದೆ. ಪುಸ್ತಕಕ್ಕೂ ವಾರಕ್ಕೂ ಏನು ನಂಟು ಎಂದು ಮತ್ತೆ ಕೇಳಬಾರದು. ವ್ರತ ಹಿಡಿದವರನ್ನು ಐದೇ ಗುರುವಾರ ಏಕೆ, ಏಳು ಏಕಲ್ಲ ಎಂದು ಯಾರಾದರೂ ಕೇಳುತ್ತಾರೆಯೇ? ಸಂಕಲ್ಪ ಮಾಡಿದ್ದಾಗಿದೆ, ನಾಲ್ಕು ಜನರ ಮುಂದೆ ಹೇಳಿದ್ದಾಗಿದೆ, ಇನ್ನು ಉದ್ಯಾಪನೆಯವರೆಗೆ ಎಳೆದುಕೊಂಡು ಹೋಗಬೇಕು. ಸತ್ಯನಾರಾಯಣ ವ್ರತಕ್ಕಾದರೆ ಕೊನೆಯಲ್ಲಿ ಸಪಾದಭಕ್ಷ್ಯವಿದೆ. ಇದಕ್ಕಿರುವುದು ಚರ್ಚ್ ಸ್ಟ್ರೀಟಿನ ಕೆಫೆಯೊಂದರಲ್ಲಿ ಪುಸ್ತಕದ ಪಕ್ಕ ಕಾಫಿ ಇಟ್ಟು ತೆಗೆದ ಚಿತ್ರ. ಕೋನ ಸರಿಹೋಗುವಷ್ಟರಲ್ಲಿ ಆ ಕಾಫಿಯೂ ಆರಿರುತ್ತದೆ.

ಈ ಎಣಿಕೆಗೆ ಖಾತೆ ತೆರೆದುಕೊಟ್ಟ, ಓದುಗರ ಜಾಲತಾಣ ಗುಡ್‌ರೀಡ್ಸ್ ತನ್ನ ವಾರ್ಷಿಕ ಓದಿನ ಸವಾಲನ್ನು ಆರಂಭಿಸಿದ್ದು 2011ರಲ್ಲಿ. 2013ರಲ್ಲಿ ಅದನ್ನು ಅಮೆಜಾನ್ ಕೊಂಡುಕೊಂಡಿತು. ಹೀಗಾಗಿ ಎಷ್ಟು ಓದಿದಿರಿ ಎಂದು ವಿಚಾರಿಸುವವರೂ, ಇನ್ನೆಷ್ಟು ಕಳುಹಿಸೋಣ ಎಂದು ವಿಚಾರಿಸುವವರೂ ಒಂದೇ ಮನೆಯವರು. ಮಾರ್ಚ್ ಬರುವಷ್ಟರಲ್ಲಿ, ನಿಗದಿಗಿಂತ ನಾಲ್ಕು ಪುಸ್ತಕ ಹಿಂದಿದ್ದೀರಿ ಎಂಬ ಸೂಚನೆ ತೆರೆಯ ಮೇಲೆ ಕಾಣಿಸಿಕೊಳ್ಳುತ್ತದೆ. ನಿಗದಿ ಮಾಡಿದವರು ಯಾರು? ಡಿಸೆಂಬರ್ 31ರ ರಾತ್ರಿ ಉಮೇದಿನಲ್ಲಿದ್ದ ತಾವೇ. ಗೃಹಸಾಲದ ಕಂತು ತಪ್ಪಿದರೂ ಗೊರಕೆ ಹೊಡೆಯಬಲ್ಲ ಜನ ಈ ಸೂಚನೆಗೆ ಎದ್ದು ಕೂರುತ್ತಾರೆ.

ಎದ್ದು ಕುಳಿತವರು ಮೊದಲು ಮಾಡುವ ಕೆಲಸ, ತೆಳುವಾದ ಪುಸ್ತಕಗಳನ್ನು ಹುಡುಕುವುದು. ಕುವೆಂಪು ಅವರ ಎರಡು ಕಾದಂಬರಿಗಳನ್ನು ಪೂರ್ತಿ ಓದಿದ ಪುಣ್ಯಾತ್ಮನ ಲೆಕ್ಕ ವರ್ಷದ ಕೊನೆಗೆ ಎರಡೇ. ಎಂಬತ್ತು ಪುಟದ ಕವನ ಸಂಕಲನಗಳನ್ನು ಹಿಡಿದವನು ಒಂದು ಭಾನುವಾರದಲ್ಲಿ ಆರು ಮುಗಿಸಿ, ಸಂಜೆ ಗಾಂಧಿ ಬಜಾರಿನಲ್ಲಿ ದೋಸೆ ತಿಂದು ಬರುತ್ತಾನೆ. ಕನ್ನಡದ ಕವಿಗಳಿಗೆ ಓದುಗರು ಹುಟ್ಟುವುದು ನವೆಂಬರಿನಲ್ಲಿ ಎಂದು ತಿಳಿದಿದ್ದೆವು. ಅಲ್ಲ, ಡಿಸೆಂಬರಿನ ಎರಡನೆಯ ಪಕ್ಷದಲ್ಲಿ. ಸಾಲಿನ ನಡುವೆ ಖಾಲಿ ಜಾಗ ಹೆಚ್ಚಿದ್ದಷ್ಟೂ ಕವಿ ದೊಡ್ಡವನು.

ಇತ್ತ ಸರ್ಕಾರದ ಕಥೆ ಇದಕ್ಕೆ ತಿರುವುಮುರುವು. ಗ್ರಂಥಾಲಯ ಇಲಾಖೆ ಪ್ರಕಾಶಕರಿಂದ ಸಗಟಾಗಿ ಪುಸ್ತಕ ಕೊಳ್ಳುವಾಗ ಬೆಲೆ ಕಟ್ಟುವುದು ಪುಟವಾರು ದರದಲ್ಲಿ. ಒಳಗೆ ಏನಿದೆ ಎಂಬುದು ಆಯ್ಕೆ ಸಮಿತಿಯ ತಲೆನೋವು. ಹಣ ಬರುವುದು ಪುಟದ ಎಣಿಕೆಗೆ. ಹಾಗಾಗಿ ಇಲಾಖೆಯ ಮುಂದೆ ಪುಸ್ತಕ ದಪ್ಪಗಿರಬೇಕು, ವ್ರತಧಾರಿಯ ಮುಂದೆ ತೆಳ್ಳಗಿರಬೇಕು. ಮುನ್ನುಡಿ, ಹಿನ್ನುಡಿ, ಬೆನ್ನುಡಿ, ಕೃತಜ್ಞತೆ, ಕೃತಜ್ಞತೆಯಲ್ಲಿ ಬಿಟ್ಟುಹೋದವರಿಗೆ ಕ್ಷಮೆ ಎಂದು ಹಿಗ್ಗಿಸುತ್ತ ಬಂದ ಲೇಖಕ ಈಗ ಯಾರ ಮಾತು ಕೇಳಬೇಕು? ಒಬ್ಬರು ಪುಟ ಎಣಿಸುತ್ತಾರೆ, ಇನ್ನೊಬ್ಬರು ಪುಸ್ತಕ ಎಣಿಸುತ್ತಾರೆ. ಓದುವವರು ಸಿಕ್ಕರೆ ಅದು ಬೋನಸ್ಸು.

ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ವ್ರತವನ್ನು ಸಾಮೂಹಿಕವಾಗಿ ಆಚರಿಸುವುದೆಂದು ತೀರ್ಮಾನವಾಯಿತು. ನೀರಿನ ಟ್ಯಾಂಕರ್ ದರದ ಬಗ್ಗೆ ಎಂದೂ ಒಮ್ಮತಕ್ಕೆ ಬಾರದ ನಿವಾಸಿಗಳು ಓದಿನ ಬಗ್ಗೆ ಒಂದೇ ಸಂಜೆಯಲ್ಲಿ ಒಮ್ಮತಕ್ಕೆ ಬಂದರು. ಓದುಗರ ಬಳಗ ಹುಟ್ಟಿತು. ಅದಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ಒಂದು ವಾಟ್ಸ್ಆ್ಯಪ್ ಗುಂಪು, ಆ ಗುಂಪಿನಲ್ಲಿ ಶುಭೋದಯದ ಚಿತ್ರ ಹಾಕಬಾರದೆಂಬ ನಿಯಮ, ಆ ನಿಯಮವನ್ನು ಸ್ವಾಗತಿಸಿ ಹಾಕಿದ ಗುಲಾಬಿ ಹೂವಿನ ಚಿತ್ರಗಳು, ಎಲ್ಲವೂ ಒಂದೊಂದಾಗಿ ಬಂದವು. ಲೆಕ್ಕಪರಿಶೋಧಕರಾಗಿ ಎರಡನೆಯ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ಅವಿರೋಧವಾಗಿ ಆಯ್ಕೆಯಾದರು. ಅವರು ಏನನ್ನೂ ಓದುವುದಿಲ್ಲ. ನಿಷ್ಪಕ್ಷಪಾತಿಯಾಗಿರಲು ಇದಕ್ಕಿಂತ ದೊಡ್ಡ ಅರ್ಹತೆ ಬೇಡವೆಂದು ಎಲ್ಲರೂ ಒಪ್ಪಿದರು.

ಮೊದಲ ತಿಂಗಳಲ್ಲೇ ವ್ಯಾಜ್ಯಗಳು ಎದ್ದವು. ಮೂರು ವರ್ಷದ ಮಗುವಿಗೆ ಓದಿ ಹೇಳಿದ ಹನ್ನೆರಡು ಪುಟದ ಆನೆಮರಿ ಪುಸ್ತಕ ಲೆಕ್ಕಕ್ಕೆ ಬರುತ್ತದೆಯೇ? ತಾಯಿಗೆ ಒಂದು, ಮಗುವಿಗೆ ಒಂದು ಎಂದು ಎರಡು ಬರೆದುಕೊಳ್ಳಬಹುದೇ? ಐದನೆಯ ಮಹಡಿಯ ಸಾಫ್ಟ್‌ವೇರ್ ತಂತ್ರಜ್ಞರೊಬ್ಬರು ಜನವರಿ ಮುಗಿಯುವ ಮೊದಲೇ 945 ಎಂದು ಬರೆಸಿದರು. ವಿಚಾರಿಸಿದರೆ, ಡಿ.ವಿ.ಜಿ.ಯವರ ಕಗ್ಗದಲ್ಲಿ ಪದ್ಯಗಳು ಅಷ್ಟಿವೆ, ಒಂದೊಂದೂ ಸ್ವತಂತ್ರವಾಗಿ ನಿಲ್ಲುತ್ತದೆ, ಒಂದೊಂದೂ ಒಂದು ಪುಸ್ತಕಕ್ಕೆ ಸಮ ಎಂದು ದೊಡ್ಡವರೇ ಹೇಳಿದ್ದಾರಲ್ಲ ಎಂದು ವಾದಿಸಿದರು. ಓದಿದ್ದು ಎಷ್ಟು ಎಂದು ಕೇಳಿದ್ದಕ್ಕೆ, ಗುರಿಯ ಬಗ್ಗೆ ಮಾತನಾಡುವಾಗ ಅನುಷ್ಠಾನದ ವಿಷಯ ತರಬಾರದು ಎಂದರು. ಅವರು ಕಚೇರಿಯಲ್ಲಿ ಯೋಜನಾ ವಿಭಾಗದಲ್ಲಿದ್ದಾರೆ.

ಬರೀ ಸಾರಾಂಶ ಕೊಡುವ ಆ್ಯಪ್‌ಗಳದು ಬೇರೆಯೇ ತಕರಾರು. ಮುನ್ನೂರು ಪುಟದ ಪುಸ್ತಕವನ್ನು ಕಾಲು ಗಂಟೆಯಲ್ಲಿ ಹೇಳಿ ಮುಗಿಸುವ ಈ ಸೌಲಭ್ಯವನ್ನು ಬಳಸುವವರು ಬಳಗದಲ್ಲಿ ಬಹುಮತದಲ್ಲಿದ್ದರು. ಪೂರ್ತಿ ಪುಸ್ತಕವೆಂದು ಎಣಿಸಿದರೆ ಓದಿದವರಿಗೆ ಅನ್ಯಾಯ, ಸೊನ್ನೆ ಎಂದರೆ ಚಂದಾ ಕಟ್ಟಿದವರಿಗೆ ಅನ್ಯಾಯ. ಮ್ಯಾನೇಜರರು ಎರಡು ದಿನ ಯೋಚಿಸಿ, ಸಾರಾಂಶಕ್ಕೆ ಕಾಲು ಅಂಕವೆಂದು ತೀರ್ಪಿತ್ತರು. ಅಂದಿನಿಂದ ಒಂದೇ ಪುಸ್ತಕದ ನಾಲ್ಕು ಸಾರಾಂಶ ಓದಿ ಒಂದು ಅಂಕ ಗಳಿಸುವವರು ಹುಟ್ಟಿಕೊಂಡರು. ಅದರ ಬದಲು ಪುಸ್ತಕವನ್ನೇ ಓದಬಹುದಿತ್ತಲ್ಲ ಎಂದು ಕೇಳಿದ ಕಾಲೇಜು ಹುಡುಗಿಯನ್ನು ಗುಂಪಿನಲ್ಲಿ ಒಂದು ದಿನ ಯಾರೂ ಮಾತನಾಡಿಸಲಿಲ್ಲ.

ಎಲ್ಲಕ್ಕಿಂತ ಬಿಗಿಯಾದ ಪ್ರಕರಣ ನೆಲಮಹಡಿಯ ಅಜ್ಜಿಯದು. ಅವರು ದಿನವೂ ಬೆಳಿಗ್ಗೆ ಲಲಿತಾ ಸಹಸ್ರನಾಮ ಓದುತ್ತಾರೆ. ಮೊಮ್ಮಗನ ಕೈಯಲ್ಲಿ 365 ಎಂದು ಬರೆಸಿ ಕಳುಹಿಸಿದರು. ಮ್ಯಾನೇಜರರು ಸ್ವತಃ ಇಳಿದು ಹೋಗಿ, ‘ಅಮ್ಮಾ, ಒಂದೇ ಪುಸ್ತಕವನ್ನು ಎಷ್ಟು ಸಲ ಓದಿದರೂ ಲೆಕ್ಕಕ್ಕೆ ಒಂದೇ’ ಎಂದು ವಿನಯದಿಂದಲೇ ವಿವರಿಸಿದರು. ಅಜ್ಜಿ ಕನ್ನಡಕ ತೆಗೆದು, ‘ಹಾಗಾದರೆ ರಾಯರೇ, ವರ್ಷವಿಡೀ ಸಾರನ್ನ ಉಂಡಿದ್ದೀರಲ್ಲ, ಅದನ್ನೂ ಒಂದೇ ಊಟ ಎಂದು ಬರೆದುಕೊಳ್ಳಿ’ ಎಂದರು. ಪ್ರಕರಣ ಇನ್ನೂ ಪರಿಶೀಲನೆಯಲ್ಲಿದೆ.

ಇಷ್ಟಾದರೂ ಬಳಗದವರಿಗೆ ಒಂದು ಸಮಾಧಾನವಿದೆ. ಈ ನಾಡಿನಲ್ಲಿ ಅವರಿಗಿಂತ ಹೆಚ್ಚು ಪುಸ್ತಕ ಕೈಗೆ ಬಂದು, ಎಷ್ಟು ಓದಿದಿರಿ ಎಂದು ಯಾರೂ ಕೇಳದ ವರ್ಗವೊಂದಿದೆ. 2021ರ ಆಗಸ್ಟ್‌ನಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಅಂದಿನ ಸರ್ಕಾರ ಹೇಳಿತು. 2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಹೂವು, ಶಾಲುಗಳ ಬದಲು ಪುಸ್ತಕ ಕೊಡಿ ಎಂದರು. ಸರ್ಕಾರ ಬದಲಾದರೂ ನೀತಿ ಬದಲಾಗದ ಅಪರೂಪದ ಪ್ರಸಂಗವಿದು. ನೀತಿ ಒಳ್ಳೆಯದೇ. ಆದರೆ ಹಾರಕ್ಕೊಂದು ಗುಣವಿತ್ತು: ಕೊರಳಿಗೆ ಹಾಕಿಸಿಕೊಂಡವರು ಅದನ್ನು ಪೂರ್ತಿ ಮೂಸಿ ನೋಡಿದರೇ ಎಂದು ಸಂಜೆ ಯಾರೂ ಕೇಳುತ್ತಿರಲಿಲ್ಲ. ಪುಸ್ತಕಕ್ಕೂ ಈಗ ಆ ವಿನಾಯಿತಿ ಸಿಕ್ಕಿದೆ. 2025ರಲ್ಲಂತೂ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ನಡೆಯಿತು. ಜನ ಕುಟುಂಬ ಸಮೇತ ಬಂದು, ಕಟ್ಟಡದ ಎದುರು ನಿಂತು ಪಟ ತೆಗೆಸಿಕೊಂಡು, ಪುಸ್ತಕಗಳನ್ನೂ ಕೊಂಡರು.

ಓದಲು ಸಮಯವೇ ಇಲ್ಲವೆನ್ನುವವರಿಗೆ ಈ ನಗರ ಒಂದು ದಾರಿ ಮಾಡಿಕೊಟ್ಟಿದೆ, ಅದೇ ಸಿಲ್ಕ್ ಬೋರ್ಡ್ ಜಂಕ್ಷನ್. ಅಲ್ಲಿ ನಿಂತಲ್ಲೇ ನಿಂತು ಕೇಳುಪುಸ್ತಕಗಳನ್ನು ಮುಗಿಸಬಹುದು. ಆದರೆ ವ್ರತಧಾರಿ ಅದನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾನೆ. ಕಾರು ಒಂದು ಅಡಿ ಮುಂದೆ ಹೋಗುವಷ್ಟರಲ್ಲಿ ಕಥೆಯಲ್ಲಿ ಮೂರು ಮದುವೆ, ಒಂದು ಸಾವು ಮುಗಿದಿರುತ್ತವೆ. ಇಷ್ಟು ನಿಧಾನದ ಊರಿನಲ್ಲಿ ಕಥೆ ಹೇಳುವವನೊಬ್ಬನಿಗೇ ಏಕೆ ಇಷ್ಟು ಅವಸರವೋ.

ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಶನಿವಾರ ಬೆಳಿಗ್ಗೆ ಗುಂಪಾಗಿ ಕುಳಿತು ಮೌನವಾಗಿ ಓದುವ ಪದ್ಧತಿ 2023ರಲ್ಲಿ ಆರಂಭವಾಗಿ, ಬೇರೆ ಬೇರೆ ಊರುಗಳಿಗೂ ಹಬ್ಬಿತು. ಇದನ್ನು ಹಂಗಿಸಲು ನನಗೆ ಮನಸ್ಸಿಲ್ಲ. ಈ ಊರಿನಲ್ಲಿ ಯಾರಾದರೂ ಸುಮ್ಮನೆ ಕುಳಿತರೆ ಅದೇ ಒಂದು ಸಮಾಜಸೇವೆ. ಒಂದೇ ತೊಡಕು: ಅದೇ ಉದ್ಯಾನದಲ್ಲಿ ಕೆಂಪು ಬಣ್ಣದ ದೊಡ್ಡ ಕಟ್ಟಡವೊಂದು ನಿಂತಿದೆ. 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ನಮ್ಮ ರಾಜ್ಯ ಕೇಂದ್ರ ಗ್ರಂಥಾಲಯ. ಅದರ ಮುಂದೆ ನಿಂತು ಪಟ ತೆಗೆಸಿಕೊಂಡವರನ್ನು, ಒಳಗೆ ಏನಿದೆ ಎಂದು ಕೇಳಿದರೆ ಹೈಕೋರ್ಟಿನ ಕಡೆ ಕೈ ತೋರಿಸುತ್ತಾರೆ. ಒಳಗಿರುವವರು ಹೆಚ್ಚಾಗಿ ದಿನಪತ್ರಿಕೆಯ ಹಿರಿಯರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ನಗರದ ಯಾವ ಗ್ರಂಥಾಲಯಕ್ಕೆ ಹೋದರೂ ಬುತ್ತಿ ಕಟ್ಟಿಕೊಂಡು ಬಂದು, ಬಾಗಿಲು ಹಾಕುವವರೆಗೆ ಕೂರುವವರು ಇವರೇ. ಇವರಾರೂ ಎಣಿಸುವುದಿಲ್ಲ. ಒಂದೇ ಪುಸ್ತಕವನ್ನು ಅಂಚು ಕಪ್ಪಾಗುವವರೆಗೆ ತಿರುವುತ್ತಾರೆ. ನಮ್ಮ ಮ್ಯಾನೇಜರರ ಲೆಕ್ಕದಲ್ಲಿ ಇವರ ಸಾಧನೆ ವರ್ಷಕ್ಕೆ ಎರಡೋ ಮೂರೋ.

ಹಾಗೆ ನೋಡಿದರೆ ಓದಿನ ಗುರಿಯನ್ನು ಎಲ್ಲರಿಗಿಂತ ಮೊದಲು ಇಟ್ಟುಕೊಂಡದ್ದು ಸರ್ಕಾರವೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದು, ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿತು. ಬೆಂಗಳೂರಿನಲ್ಲಿ ಅದು ಶೇ 6. ಆರೋಗ್ಯಕ್ಕೆ ಶೇ 15, ಭಿಕ್ಷುಕರ ಪುನರ್ವಸತಿಗೆ ಶೇ 3. ಓದುಗ ಭಿಕ್ಷುಕನಿಗಿಂತ ಎರಡು ಪಟ್ಟು ಬೆಲೆಯುಳ್ಳವನು ಎಂದು ಹೆಮ್ಮೆಪಡುವಂತಿಲ್ಲ. ವಸೂಲಾದ ಕರವನ್ನು ಪಾಲಿಕೆ ಗ್ರಂಥಾಲಯ ಇಲಾಖೆಗೆ ಪೂರ್ತಿ ಕೊಟ್ಟಿಲ್ಲ, ನೂರಾರು ಕೋಟಿ ಬಾಕಿ ಇದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆ ಸುದ್ದಿಯನ್ನು ಬಾಡಿಗೆ ಕಟ್ಟಡದ ವಾಚನಾಲಯದಲ್ಲಿ, ಉರಿಯದ ಟ್ಯೂಬ್‌ಲೈಟಿನ ಕೆಳಗೆ ಓದಬೇಕು, ಆಗಲೇ ಅದಕ್ಕೊಂದು ಕಳೆ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಇದ್ದ ಒಬ್ಬ ಬಾಕಿದಾರನ ಜಾಗದಲ್ಲಿ ಐವರು ಬಂದರೆ, ಪರಸ್ಪರ ಪತ್ರ ಬರೆದುಕೊಳ್ಳಲು ಅನುಕೂಲ. ಕಡತಗಳನ್ನು ಓದುವವರು ಅದರಿಂದ ಹೆಚ್ಚುತ್ತಾರೆ.

ಜನವರಿಯಲ್ಲಿ ವ್ರತಭಂಗವಾದವರು ಸಂಕ್ರಾಂತಿಯಿಂದ ಶುರುಮಾಡುತ್ತೇವೆ ಎಂದರು. ಸಂಕ್ರಾಂತಿ ಎಳ್ಳುಬೆಲ್ಲದಲ್ಲಿ ಕಳೆಯಿತು. ನಮ್ಮ ನಿಜವಾದ ಹೊಸ ವರ್ಷ ಯುಗಾದಿಯೇ ತಾನೇ ಎಂಬ ಸಾಂಸ್ಕೃತಿಕ ಎಚ್ಚರ ಆಮೇಲೆ ಮೂಡಿತು. ಅದೂ ದಾಟಿದ ಮೇಲೆ ಮ್ಯಾನೇಜರರು, ಯಾವುದೇ ಲೆಕ್ಕವನ್ನು ಏಪ್ರಿಲ್ 1ರಿಂದ ತೆರೆಯುವುದೇ ಶಾಸ್ತ್ರೋಕ್ತ ಎಂದು ಎಲ್ಲರ ಮಾನ ಉಳಿಸಿದರು. ಏಪ್ರಿಲಿನಲ್ಲಿ ಆಸ್ತಿ ತೆರಿಗೆಯನ್ನು ಪೂರ್ತಿ ಕಟ್ಟಿದರೆ ಶೇ 5ರ ರಿಯಾಯಿತಿಯೂ ಇರುವುದರಿಂದ ಬಳಗದವರೆಲ್ಲ ಸಾಲಾಗಿ ತೆರಿಗೆ ಕಟ್ಟಿದರು. ಆಗ ಯೋಜನಾ ವಿಭಾಗದ ಆ ತಂತ್ರಜ್ಞರು ಹೊಸ ಪ್ರಸ್ತಾವ ಮಂಡಿಸಿದರು: ಗ್ರಂಥಾಲಯ ಕರ ಕಟ್ಟಿದ ರಸೀದಿಯನ್ನು ಒಂದು ಪುಸ್ತಕವೆಂದು ಪರಿಗಣಿಸತಕ್ಕದ್ದು.

ಸಭೆ ಎರಡು ಗಂಟೆ ನಡೆಯಿತು. ರಸೀದಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿರಬೇಕು ಎಂಬ ಷರತ್ತಿನ ಮೇಲೆ ಪ್ರಸ್ತಾವ ಅಂಗೀಕಾರವಾಯಿತು. ನಲವತ್ತು ಮಂದಿ ಒಂದೊಂದು ಅಂಕ ಪಡೆದರು. ಷರತ್ತನ್ನು ನಂಬಿ ನಿಜಕ್ಕೂ ಓದಿದವರು ಅಜ್ಜಿ ಒಬ್ಬರೇ. ‘ಇಷ್ಟು ವರ್ಷದಿಂದ ಕಟ್ಟುತ್ತಿದ್ದೇವಲ್ಲ, ನಮ್ಮ ವಾರ್ಡಿನ ಗ್ರಂಥಾಲಯ ಎಲ್ಲಿದೆ?’ ಎಂದು ಮೊಮ್ಮಗನ ಕೈಯಲ್ಲಿ ಗುಂಪಿಗೆ ಬರೆಸಿದ್ದಾರೆ. ಅದರ ಕೆಳಗೆ ಈಗ ಹದಿನೇಳು ಗುಲಾಬಿ ಹೂಗಳಿವೆ.