ಟೀಗೂ ಬಂತು ಮಡಿ

ಬೆಂಗಳೂರಿನಲ್ಲಿ ಈಗ ಟೀ ಕುಡಿಯುವವರು ಕಮ್ಮಿ, ‘ಆಸ್ವಾದಿಸುವವರು’ ಜಾಸ್ತಿ. ಅಂಥ ರಸಿಕರ ಅಡುಗೆಮನೆಯಲ್ಲಿ 0.1 ಗ್ರಾಂ ತೂಗುವ ತಕ್ಕಡಿ, ಥರ್ಮಾಮೀಟರ್, ಟೈಮರ್ ಸಾಲಾಗಿ ಕೂತಿರುತ್ತವೆ. ಸಕ್ಕರೆ ಡಬ್ಬ ಅಟ್ಟ ಸೇರಿರುತ್ತದೆ. ಅಪ್ಪ ಸಾಸರಿಗೆ ಸುರಿದು ಸೊರ್ ಅಂತ ಹೀರಿದರೆ ಅಸಭ್ಯ. ಮಗ ಅದನ್ನೇ ಚಮಚದಲ್ಲಿ ಹೀರಿದರೆ ಟೇಸ್ಟಿಂಗ್.

ಈ ಮಡಿಗೆ ಶಾಸ್ತ್ರಾಧಾರವೂ ಉಂಟು. 1980ರ ಐಎಸ್‌ಒ 3103 ಎಂಬ ಅಂತಾರಾಷ್ಟ್ರೀಯ ಮಾನದಂಡ: ಬಿಳಿ ಪಿಂಗಾಣಿ ಪಾತ್ರೆ, 100 ಮಿ.ಲೀ. ನೀರಿಗೆ 2 ಗ್ರಾಂ ಸೊಪ್ಪು, ಕುದಿನೀರು, ಮುಚ್ಚಳ, ಆರು ನಿಮಿಷ. ಇದೇ ವಿಷಯದ ಬ್ರಿಟಿಷ್ ಮಾನದಂಡ ಬಿಎಸ್ 6008 ಟೀ ಮಾಡುವುದಕ್ಕೆ ಆರು ಪುಟ ಬರೆದು, 1999ರಲ್ಲಿ ನೊಬೆಲ್‌ನ ತಮಾಷೆ ಅಣಕವಾದ ಇಗ್ ನೊಬೆಲ್ ಗೆದ್ದಿತು. ಅದೂ ಸಾಹಿತ್ಯಕ್ಕೆ! ನಮ್ಮಲ್ಲಿ ಆರು ಪುಟಕ್ಕೆ ವಿಮರ್ಶೆಯೂ ಬರುವುದಿಲ್ಲ.

ತಮಾಷೆಯೆಂದರೆ ಆ ಆರು ನಿಮಿಷದ ಟೀ ಕುಡಿಯುವುದಕ್ಕಲ್ಲ, ತಪ್ಪು ಹಿಡಿಯುವುದಕ್ಕೆ. ಅಷ್ಟು ಹೊತ್ತು ನೆಂದರೆ ಸೊಪ್ಪಿನ ಒಗರು, ಕಹಿ, ಸುಟ್ಟ ವಾಸನೆ ಎಲ್ಲವೂ ಬಾಯಿಬಿಡುತ್ತವೆ. ಪರೀಕ್ಷಕರು ಬಾಯಲ್ಲಿ ಆಡಿಸಿ ಪೀಕದಾನಿಗೆ ಉಗಿಯುತ್ತಾರೆ. ನಮ್ಮ ರಸಿಕರು ನುಂಗುತ್ತಾರೆ. ಮಾರ್ಚ್-ಏಪ್ರಿಲ್ ಚಿಗುರಿನ ಡಾರ್ಜಿಲಿಂಗ್ ಫಸ್ಟ್ ಫ್ಲಶ್‌ಗೆ 85-90 ಡಿಗ್ರಿಯ ನೀರು, ಮೂರು ನಿಮಿಷ ಧಾರಾಳ. ಅದನ್ನು ಆರು ನಿಮಿಷ ನೆನೆಸಿ, ಮುಖ ಕಿವುಚಿ, “ತುಂಬಾ ಕಾಂಪ್ಲೆಕ್ಸ್ ಆಗಿದೆ” ಅನ್ನುತ್ತಾರೆ. ಅಜ್ಜಿಯಾಗಿದ್ದರೆ “ಒಗರು” ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದರು.

ನೀರಿನ ಕಥೆ ಕೇಳಿ. ಬೋರ್‌ವೆಲ್ಲಿನ ಗಡಸು ನೀರಲ್ಲಿರುವ ಕ್ಯಾಲ್ಸಿಯಂ, ಬೈಕಾರ್ಬೊನೇಟುಗಳು ಟೀಗೆ ಒಗರು ಕೊಡುವ ಪಾಲಿಫಿನಾಲ್ ಜತೆ ಸೇರಿದರೆ ಮೇಲೆ ಕಂದು ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ, ಪರಿಮಳ ಸಾಯುತ್ತದೆ. ಗಡಸು ತಗ್ಗಿಸಿದ ನೀರು ಬಳಸಿದರೆ ಸಾಕು. ನಾಲ್ಕು ಹನಿ ನಿಂಬೆರಸಕ್ಕೂ ಆ ಪೊರೆ ಕರಗುತ್ತದೆ. ಆದರೆ ನಿಂಬೆ ಹಿಂಡಿದರೆ ಮೈಲಿಗೆ. ಹಾಗಾಗಿ ತಕ್ಕಡಿ ಬದಲಾಗುತ್ತದೆ, ನೀರು ಬದಲಾಗುವುದಿಲ್ಲ.

ಸೊಪ್ಪು ಇಡುವುದು ಗಾಜಿನ ಜಾರಿನಲ್ಲಿ, ಕಿಟಕಿ ಪಕ್ಕ, ಬಂದವರಿಗೆ ಕಾಣಬೇಕಲ್ಲ. ಬೆಳಕು ಪರಿಮಳವನ್ನು ತಿನ್ನುತ್ತದೆ. ಮುಚ್ಚಳ ಸಡಿಲವಿದ್ದರೆ ಒಣಸೊಪ್ಪು ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಪಕ್ಕದಲ್ಲಿರುವುದು ಇಂಗಿನ ಡಬ್ಬ. ತಿಂಗಳಾದ ಮೇಲೆ ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ, “ಹಿಂದೆ ಎಲ್ಲೋ ಒಂದು ಸ್ಪೈಸಿ ನೋಟ್ ಇದೆ ಅಲ್ವಾ?” ಇದೆ ಸ್ವಾಮಿ, ರಸಂ ಇದೆ.

ಬೆಲೆ ಕೇಳಬೇಡಿ. 2021ರ ಡಿಸೆಂಬರಿನಲ್ಲಿ ಗುವಾಹಟಿ ಹರಾಜಿನಲ್ಲಿ ಅಸ್ಸಾಮಿನ ಮನೋಹರಿ ಗೋಲ್ಡ್ ಕಿಲೋಗೆ 99,999 ರೂಪಾಯಿಗೆ ಹೋಯಿತು. ಒಂದು ರೂಪಾಯಿ ಬಿಟ್ಟದ್ದು ಚಪ್ಪಲಿ ಅಂಗಡಿಯ ಔದಾರ್ಯ. ಕಪ್ಪಿಗೆ ಮೂರು ಗ್ರಾಂ ಅಂದರೆ ಸೊಪ್ಪಿಗೇ 300 ರೂಪಾಯಿ. ಬೈ-ಟೂ ಮಾಡಿದರೆ ತಲಾ 150.

ಇನ್ನು ಹಾಲು. ಮಡಿಯವರ ಮನೆಯಲ್ಲಿ ಆ ಹೆಸರೆತ್ತುವಂತಿಲ್ಲ. ಆದರೆ ಐಎಸ್‌ಒ ಶಾಸ್ತ್ರದಲ್ಲೇ ಹಾಲಿಗೆ ಅನುಮತಿಯಿದೆ: ದೊಡ್ಡ ಬಟ್ಟಲಿಗೆ 5 ಮಿ.ಲೀ., ಅದೂ ಮೊದಲು ಹಾಲು, ಆಮೇಲೆ ಟೀ. ಟೀ ಸುರಿದ ಮೇಲೆಯೇ ಹಾಲು ಹಾಕುವುದಾದರೆ ಅದು 65ರಿಂದ 80 ಡಿಗ್ರಿಗೆ ಇಳಿದಿರಲಿ ಎಂಬ ಸೂಚನೆಯೂ ಇದೆ. ಈ ಸಾಲುಗಳನ್ನು ತೋರಿಸಿದರೆ ರಸಿಕರ ಉತ್ತರ ಸಿದ್ಧ: ಅದು ಪ್ರಕ್ಷಿಪ್ತ.