ಒಂಟಿತನ ಸ್ವಭಾವದೋಷವಲ್ಲ
ಒಂಟಿಯಾಗಿರುವವರು ತಾವಾಗಿಯೇ ಜನರನ್ನು ದೂರವಿಟ್ಟವರು ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಸಚಿವರಿಗೇ ವಹಿಸಿದವು. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಇದು ಬಾಧಿಸುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು. ಇಷ್ಟು ಜನರೆಲ್ಲ ಬೆರೆಯಲೊಲ್ಲದವರೇ? ನಮ್ಮ ಬೀದಿಯಲ್ಲಿ ಪತ್ನಿಯನ್ನು ಕಳೆದುಕೊಂಡ ಹಿರಿಯರೊಬ್ಬರು ಅರ್ಧ ಲೀಟರ್ ಹಾಲಿಗೆಂದು ಬಂದು, ಪೊಟ್ಟಣ ಕೈಯಲ್ಲೇ ಬೆವರುವವರೆಗೂ ಅಂಗಡಿಯ ಮುಂದೆ ನಿಂತು, ಮಾತಿಗೆ ಯಾರಾದರೂ ಸಿಗುತ್ತಾರೆಯೇ ಎಂದು ನೋಡುತ್ತಿದ್ದರು. ಹಿಡಿದರೆ ಬಿಡುವುದಿಲ್ಲವೆಂದು ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದವರಲ್ಲಿ ನಾನೂ ಒಬ್ಬ ಎಂಬುದು ಇಂದಿಗೂ ಚುಚ್ಚುತ್ತದೆ. ನಾವು ತಪ್ಪಿಸಿಕೊಂಡಷ್ಟೂ ಅವರು ಹಿಂಜರಿದರು, ಆ ಹಿಂಜರಿಕೆಯನ್ನೇ ನಾವು ಬಿಗುಮಾನವೆಂದು ಕರೆದೆವು. ಈಗ ಅವರು ಹಾಲಿಗೂ ಪಕ್ಕದ ಮನೆಯ ಹುಡುಗನನ್ನು ಕಳುಹಿಸುತ್ತಾರೆ.